ಗೋವಿಂದರಾಜುವಿನ ಮೂಲ ತುಂಬೆ

ಗೋವಿಂದರಾಜು ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಕಥೆಯೆಲ್ಲ ಮುಗಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಹಿರೇಹಳ್ಳಿಯಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಮಾಡುವ ಒಂದು ವರ್ಕ್‌ಶಾಪಿನಲ್ಲಿ ಅವನು ಸೂಪರ್‌ವೈಸರ್. ಅಲ್ಲಿ ನಟ್ಟು ಸಡಿಲವಿದ್ದರೆ ಸಡಿಲ ಎನ್ನುತ್ತಾನೆ, ಬಿಗಿಯಾಗಿದ್ದರೆ ಬಿಗಿ ಎನ್ನುತ್ತಾನೆ. ಅವನ ತೊಂದರೆ ಒಂದೇ. ಎದುರಿಗೆ ಕೂತವರು ತಮ್ಮದೇನನ್ನಾದರೂ ಕೊಚ್ಚಿಕೊಂಡರೆ ಅವನ ಬಾಯಿ ಅವನನ್ನು ಒಂದು ಮಾತೂ ಕೇಳದೆ ಹೊರಟುಬಿಡುತ್ತದೆ. ಆಮೇಲೆ ಅದರ ಹಿಂದೆ ಓಡುವುದು ಅವನ ಪಾಲಿಗೆ ಬರುತ್ತದೆ.

ಶ್ರಾವಣದ ಮೊದಲ ಭಾನುವಾರ ಕುಣಿಗಲ್ಲಿನಿಂದ ಕಾಳಯ್ಯ, ಅವರ ಹೆಂಡತಿ ಚೆನ್ನಮ್ಮ, ಮಗ ನಾಗೇಶ ಹೆಣ್ಣು ನೋಡಲು ಬಂದಿದ್ದರು. ಹೆಣ್ಣು ಗೋವಿಂದರಾಜುವಿನ ಒಬ್ಬಳೇ ಮಗಳು ಪಲ್ಲವಿ. ನೋಡುವುದಕ್ಕೆ ಹೊಸದೇನೂ ಇರಲಿಲ್ಲ. ನಾಗೇಶನೂ ಪಲ್ಲವಿಯೂ ತುಮಕೂರಿನ ಒಂದೇ ಆಫೀಸಿನಲ್ಲಿ ಎದುರುಬದುರು ಕೂತು ಒಬ್ಬರನ್ನೊಬ್ಬರು ಬಹಳ ದಿನದಿಂದ ನೋಡುತ್ತಲೇ ಇದ್ದರು. ಹಿರಿಯರೂ ಒಮ್ಮೆ ನೋಡಿದ ಶಾಸ್ತ್ರವಾಗಬೇಕಿತ್ತು, ಅಷ್ಟೆ. ಉಪ್ಪಿಟ್ಟು, ಕೇಸರಿಬಾತು ಆಯಿತು. ಕಾಫಿ ಬರುವವರೆಗೆ ಎಲ್ಲವೂ ಸರಿಯಾಗಿಯೇ ಇತ್ತು.

ಕಾಫಿಯ ಜೊತೆ ಕಾಳಯ್ಯನವರು ಊರಿನ ಮಾತು ತೆಗೆದರು.

"ನಮ್ಮ ಕುಣಿಗಲ್ ಹೆಸ್ರು ಸುಮ್ನೆ ಬಂದಿದ್ದಲ್ಲ ಕಣ್ರೀ. ಸಾಕ್ಷಾತ್ ಶಿವ ಕುಣಿದ ಜಾಗ ಅದು. ಅವನು ಕುಣೀತಿದ್ರೆ ಕಲ್ಲಿಗೂ ತಡ್ಕಳಕ್ಕಾಗ್ದೆ ಕುಣೀತು. ಆ ಕಲ್ಲಿನ ಒಂದ್ ತುಂಡು ನಮ್ಮ ಹಿತ್ಲಲ್ಲೇ ಐತೆ. ನಮ್ಮಪ್ಪನ ಕಾಲದಿಂದ ಪೂಜೆ ನಡೀತಾ ಐತೆ."

"ಹೌದಾ!" ಎಂದ ಗೋವಿಂದರಾಜು, ಬಾಯನ್ನು ತಟ್ಟೆಯಲ್ಲಿ ಉಳಿದಿದ್ದ ಕೇಸರಿಬಾತಿನಿಂದ ತುಂಬಿಸಿಕೊಳ್ಳುತ್ತಾ. ಅಪಾಯ ಅವನಿಗೆ ಗೊತ್ತಿತ್ತು.

"ನಿಮ್ ತುಮಕೂರಲ್ಲಿ ಏನೈತೆ ಹೇಳಿ? ರಸ್ತೆ ಅಗೀತಾರೆ, ಮುಚ್ತಾರೆ, ಮರೆತೋಯ್ತು ಅಂತ ಮತ್ತೆ ಅಗೀತಾರೆ. ಹೆಸ್ರಿಗೊಂದು ಗುರುತು ಬ್ಯಾಡ್ವಾ?"

ಕೇಸರಿಬಾತು ಗಂಟಲಿಳಿದುಹೋಯಿತು. ಬಾಯಿ ಖಾಲಿಯಾಯಿತು.

"ತುಂಬೆ ಹೂವಿಂದ ಬಂದ ಹೆಸರು ಬೀಗ್ರೆ ನಮ್ಮದು," ಎಂದಿತು ಅದು. "ಊರು ತುಂಬ ತುಂಬೆ ಇತ್ತಂತೆ. ಈಗ ಎಲ್ಲಾ ಹೋಯ್ತು, ಮೂಲದ ಗಿಡ ಒಂದೇ ಉಳ್ಕೊಂಡಿರೋದು. ಅದು ನಮ್ಮ ಕಾಂಪೌಂಡಲ್ಲೇ ಇದೆ."

ಬಾಗಿಲ ಬಳಿ ನಿಂತಿದ್ದ ಹೆಂಡತಿ ಉಮಾಮಹೇಶ್ವರಿ ಹೊರಗೆ ಕಾಂಪೌಂಡಿನ ಕಡೆ ಇಣುಕಿ ನೋಡಿದಳು. ಅವರ ಕಾಂಪೌಂಡಿನಲ್ಲಿ ಇದ್ದದ್ದು ಒಂದು ಸ್ಕೂಟರು, ಒಂದು ಸಿಂಟೆಕ್ಸ್ ಟ್ಯಾಂಕು ಮತ್ತು ಟ್ಯಾಂಕಿನ ಪಕ್ಕದಲ್ಲಿ ಒಂದು ಚಾಪೆಯಗಲ ಮಣ್ಣು. ಪುಣ್ಯಕ್ಕೆ ಹೊರಗೆ ಜೋರು ಮಳೆ ಹಿಡಿದಿತ್ತು. ಆವರೆಗೆ ಮಳೆಯನ್ನು ಬೈಯುತ್ತಿದ್ದ ಗೋವಿಂದರಾಜು ಮನಸ್ಸಿನಲ್ಲೇ ಅದಕ್ಕೆ ಕೈಮುಗಿದ.

ಕಾಳಯ್ಯನವರು ಲೋಟ ಕೆಳಗಿಟ್ಟರು. ಅವರು ಶಿವಭಕ್ತರು, ತುಂಬೆ ಹೂವು ಶಿವನಿಗೆ ಎಷ್ಟು ಇಷ್ಟ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಹಂಗಾರೆ ಮುಗೀತು," ಎಂದರು. "ಶ್ರಾವಣದ ಕೊನೇ ಸೋಮವಾರ ಹೂ ಮುಡಿಸೋ ಶಾಸ್ತ್ರ. ನನ್ ಸೊಸೆ ಮುಡೀಗೆ ಆ ಗಿಡದ್ ಹೂವೇ ಏರ್ಬೇಕು. ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಹೋದ್ವರ್ಸ ಒಂದ್ ಸಂಬಂಧ ಬಂದಿತ್ತು, ಬೋರ್‌ವೆಲ್ಲಲ್ಲಿ ನಾಲ್ಕಿಂಚು ನೀರು ಅಂದಿದ್ರು. ಹೋಗ್ ನೋಡಿದ್ರೆ ಎರಡಿಂಚು. ಎದ್ದು ಬಂದ್ಬುಟ್ಟೆ. ಸುಳ್ಳೇಳೋರ ಮನೇಲಿ ನಾನು ನೀರೂ ಕುಡಿಯಲ್ಲ."

ಪಲ್ಲವಿ ಅಪ್ಪನನ್ನು ನೋಡಿದಳು. ಆ ನೋಟವನ್ನು ನೋಡಿದ ಮೇಲೆ ಗೋವಿಂದರಾಜುವಿಗೆ ಕೇಸರಿಬಾತು ರುಚಿಸಲಿಲ್ಲ.

ಬೀಗರ ಕಾರು ತಿರುವು ದಾಟಿದೊಡನೆ ಉಮಾಮಹೇಶ್ವರಿ ಕೇಳಿದಳು: "ಯಾವ ಗಿಡಾರೀ?"

"ತರ್ತೀನಿ ಕಣೇ. ತುಂಬೆ ಏನು ಬಂಗಾರನಾ? ಕಳೆ ಅದು. ಎಲ್ಲಿ ನೋಡಿದ್ರಲ್ಲಿ ಬೆಳ್ಕೊಂಡಿರತ್ತೆ."

ಮರುದಿನದಿಂದ ಅವನು ಎಲ್ಲಿ ನೋಡಿದರಲ್ಲಿ ನೋಡಿದ. ರಿಂಗ್ ರೋಡಿನ ಬದಿಯಲ್ಲಿ ನೋಡಿದ, ರೈಲ್ವೆ ಹಳಿಯ ಪಕ್ಕ ನೋಡಿದ, ಅಮಾನಿಕೆರೆಯ ಏರಿಯ ಮೇಲೆ ಬಗ್ಗಿ ಬಗ್ಗಿ ನೋಡಿದ. ವಾಕಿಂಗಿಗೆ ಬಂದವರು "ಏನ್ ಸಾರ್, ಉಂಗುರ ಬಿತ್ತಾ?" ಎಂದು ಜೊತೆಗೆ ಹುಡುಕಲು ನಿಂತರು. ಕಾಂಗ್ರೆಸ್ ಗಿಡ ಸಿಕ್ಕಿತು, ಲಂಟಾನ ಸಿಕ್ಕಿತು, ಯಾರದೋ ಒಂದು ಚಪ್ಪಲಿ ಸಿಕ್ಕಿತು. ತುಂಬೆ ಮಾತ್ರ ಇಲ್ಲ. ಕಡೆಗೆ ನರ್ಸರಿಗೆ ಹೋಗಿ ಕೇಳಿದರೆ ಅಲ್ಲಿಯವನು ಮುಖ ಸಣ್ಣದು ಮಾಡಿಕೊಂಡು, "ಲೋಕಲ್ ಗಿಡ ನಾವು ಇಡಲ್ಲ ಸಾರ್. ಥಾಯ್ಲೆಂಡಿಂದು ಯಾವ್ದು ಬೇಕಾದ್ರೂ ಕೇಳಿ," ಎಂದ. ತುಂಬೆಯಿಂದ ಹೆಸರು ಪಡೆದ ಊರು, ಆ ಹೆಸರನ್ನು ಬೋರ್ಡಿಗೆ ಬರೆಸಿಕೊಂಡ ಮೇಲೆ ಗಿಡವನ್ನು ಮನೆಯಿಂದ ಹೊರಗೆ ಹಾಕಿತ್ತು.

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಗೋವಿಂದರಾಜುವಿನ ಮನೆಗೂ ಪಕ್ಕದ ವೆಂಕಟರಂಗಯ್ಯನವರ ಮನೆಗೂ ನಡುವೆ ಇರುವುದು ಒಂದು ಗೋಡೆ ಮತ್ತು ಎದುರುಬದುರು ಎರಡು ಕಿಟಕಿ. ವೆಂಕಟರಂಗಯ್ಯನವರು ನಿವೃತ್ತ ಹೈಸ್ಕೂಲು ಮೇಷ್ಟರು, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷರು. ಅವರು ಗೇಟು ತೆರೆದುಕೊಂಡು ನೇರವಾಗಿ ಒಳಗೆ ಬಂದರು.

"ಏನ್ರೀ ಗೋವಿಂದರಾಜು, ತುಂಬೆಯಿಂದ ತುಮಕೂರಂತೆ? ತಮಟೆಯಿಂದ ಕಣ್ರೀ! ಬೆಟ್ಟದ ಮೇಲೆ ತಮಟೆ ಬಾರಿಸ್ತಿದ್ರು, ಅದರಿಂದ ಊರಿಗೆ ಹೆಸರು. ಸರ್ವೀಸ್ ಪೂರ್ತಿ ನಾನು ಹಂಗೇ ಪಾಠ ಮಾಡಿದ್ದೀನಿ. ಈಗ ನಿಮ್ಮ ಗಿಡದ ದೆಸೆಯಿಂದ ನನ್ನ ಸ್ಟೂಡೆಂಟ್ಸೆಲ್ಲ ಫೇಲ್ ಆಗ್ಬೇಕೇನ್ರೀ?"

"ನೀವು ಹೇಳಿದ್ದೇ ಸರಿ ಸಾರ್," ಎಂದ ಗೋವಿಂದರಾಜು ಆಸೆಯಿಂದ. ತಮಟೆ ಗೆದ್ದರೆ ತುಂಬೆಯ ಕಾಟ ತಪ್ಪುತ್ತದಲ್ಲ ಎಂಬ ಆಸೆ.

ಆದರೆ ವೆಂಕಟರಂಗಯ್ಯನವರು ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ಅವರು ಗಲ್ಲ ಕೆರೆದುಕೊಂಡರು. "ಸರಿ ತಪ್ಪು ಹಾಗಿರ್ಲಿ. ಆ ಕಡೆ ಬಡಾವಣೆಯವರು ಪಾರ್ಕಲ್ಲಿ ಕಾರಂಜಿ ಹಾಕ್ಸಿದ್ದಾರೆ. ನಮ್ಮಲ್ಲಿ ಏನಿದೆ? ಊರಿನ ಮೂಲವೇ ನಮ್ಮ ಮೂರನೇ ಕ್ರಾಸಲ್ಲಿದೆ ಅಂದ್ರೆ ಅವರ ಕಾರಂಜಿ ಒಣಗಿ ಹೋಗತ್ತೆ! ಬೋರ್ಡು ಹಾಕ್ಸೋಣ. ಸಂಘದಿಂದಲೇ. ಎಲ್ರೀ ಗಿಡ?"

"ಮುಚ್ಚಿಟ್ಟಿದ್ದೀನಿ ಸಾರ್," ಎಂದಿತು ಬಾಯಿ. "ದೃಷ್ಟಿ ತಾಗತ್ತೆ ಅಂತ."

ಆ ಸಂಜೆ ಗೋವಿಂದರಾಜು ಟ್ಯಾಂಕಿನ ಪಕ್ಕದ ಖಾಲಿ ಮಣ್ಣಿನ ಮೇಲೆ ಒಂದು ದೊಡ್ಡ ಬಿದಿರಿನ ಮಂಕರಿ ಕವುಚಿ, ಅದರ ಮೇಲೆ ಒರಳುಗುಂಡು ಇಟ್ಟ. ಮಾರನೆಯ ದಿನ ವರ್ಕ್‌ಶಾಪಿಗೆ ರಜೆ ಹಾಕಿ ಗುಬ್ಬಿಯ ಬಸ್ಸು ಹತ್ತಿದ.

ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಲ್ಲಿ ಅವನ ಸೋದರತ್ತೆ ಚಿಕ್ಕಮಾರಮ್ಮ ಇದ್ದಳು. ಹೊಲದಲ್ಲಿ ರಾಗಿ ಮೊಣಕಾಲೆತ್ತರ ಬಂದಿತ್ತು. ರಾಗಿಗಿಂತ ಹುಮ್ಮಸ್ಸಿನಲ್ಲಿ ತುಂಬೆ ಬಂದಿತ್ತು. ಸಾಲುಸಾಲಾಗಿ ಬಿಳಿ ಹೂ ಬಿಟ್ಟುಕೊಂಡು ನಿಂತಿದ್ದ ಗಿಡಗಳನ್ನು ನೋಡಿ ಗೋವಿಂದರಾಜುವಿನ ಕಣ್ಣಲ್ಲಿ ನೀರು ಬಂತು.

"ಅತ್ತೆ, ಕಳೆ ಕೀಳ್ಬೇಕು ಅಂತ ಬಂದೆ," ಎಂದ.

ಚಿಕ್ಕಮಾರಮ್ಮ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ಏನ್ಲಾ, ಆ ಕಂಪ್ನಿಯೋರು ಕೆಲ್ಸದಿಂದ ಓಡಿಸ್ಬುಟ್ರಾ? ಬಾ ಬುಡು, ಆಳು ಸಿಕ್ದೆ ನಾನೂ ಒದ್ದಾಡ್ತಿದ್ದೆ. ಆ ಮೂಲೆಯಿಂದ ಸುರು ಮಾಡು."

ಅವನು ತುಂಬೆಯನ್ನು ಮಾತ್ರ ಬೇರಿನ ಸಮೇತ ನಾಜೂಕಾಗಿ ಎತ್ತಿ ಗೋಣಿಚೀಲಕ್ಕೆ ತುಂಬಿಕೊಂಡು, ಉಳಿದ ಕಳೆಯನ್ನೆಲ್ಲ ಹಾಗೆಯೇ ಬಿಟ್ಟು ಮುಂದೆ ಹೋಗುತ್ತಿದ್ದ. ಅತ್ತೆ ಬದುವಿನ ಮೇಲಿಂದ ಕೂಗಿಕೊಂಡಳು: "ಅಯ್ಯೋ ನಿನ್ನ! ಅದೇನ್ಲಾ ಆರಿಸ್ಕಂಡು ಕೀಳ್ತಿದೀಯಾ, ಅದೇನು ಬದ್ನೇಕಾಯಾ? ಪಕ್ಕದ ಅಣ್ಣೆಸೊಪ್ಪು ನಿನ್ ನೆಂಟಾನಾ? ಕೀಳದನ್ನ!" ಕತ್ತಲಾಗುವವರೆಗೆ ಇಡೀ ಹೊಲದ ಕಳೆ ಕೀಳಿಸಿಯೇ ಅವಳು ಅವನನ್ನು ಬಿಟ್ಟಿದ್ದು. ಬೆನ್ನು ಅರ್ಧಕ್ಕೆ ಮಡಿಸಿಕೊಂಡು ಅವನು ಗುಬ್ಬಿಗೆ ಬಂದು ಬಸ್ಸು ಹತ್ತಿದಾಗ ಕಂಡಕ್ಟರು ಚೀಲವನ್ನು ತಡವಿ ನೋಡಿ, "ಏನ್ರೀ ಇದು, ಮೇಕೆಗಾ?" ಎಂದ.

"ತುಂಬೆ. ತುಮಕೂರಿಗೆ ಆ ಹೆಸರು ಬಂದಿದ್ದೇ ಇದರಿಂದ."

ಪಕ್ಕದ ಸೀಟಿನ ಮುದುಕರು ಇದನ್ನು ಕೇಳಿ ಹತ್ತಿರ ಸರಿದರು. "ನಮ್ಮ ಗುಬ್ಬಿಗೂ ಸುಮ್ನೆ ಬಂದಿಲ್ಲ ಸ್ವಾಮಿ ಹೆಸ್ರು. ಪುರಾಣ ಕೇಳೋಕೆ ದಿನಾ ಎರಡು ಗುಬ್ಬಚ್ಚಿ ಬರ್ತಿದ್ವಂತೆ. ಪುರಾಣ ಮುಗಿದ ದಿನ ಎರಡೂ ಅಲ್ಲೇ ಪ್ರಾಣ ಬಿಟ್ವಂತೆ." ಅವರು ನಿಟ್ಟುಸಿರು ಬಿಟ್ಟು, ಚೀಲದ ಕಡೆ ನೋಡಿದರು. "ನಿಮ್ದು ವಾಸಿ. ಗಿಡ ಆದ್ರೆ ಚೀಲದಲ್ಲಿ ತರ್ಬೌದು. ಗುಬ್ಬಚ್ಚಿ ತೋರ್ಸು ಅಂತ ಯಾರಾದ್ರೂ ಗಂಟುಬಿದ್ರೆ ನಾನೇನ್ ಮಾಡ್ಲಿ?"

ಗೋವಿಂದರಾಜು ಆ ಗಿಡಗಳನ್ನೆಲ್ಲ ಟ್ಯಾಂಕಿನ ಪಕ್ಕ ನೆಟ್ಟ, ನೀರು ಹಾಕಿದ, ಗೊಬ್ಬರ ಹಾಕಿದ. ಕಿತ್ತೆಸೆದರೂ ಹೊಲದಲ್ಲಿ ಮತ್ತೆ ಚಿಗುರುವ ತುಂಬೆ ಇಷ್ಟು ಉಪಚಾರವನ್ನು ಕಂಡಿರಲಿಲ್ಲ. ಎರಡು ದಿನದಲ್ಲಿ ಒಂದೊಂದಾಗಿ ತಲೆ ಬಾಗಿಸಿ ಮಲಗಿದವು. ಒಂದು ಗಿಡ ಮಾತ್ರ, ಏನೋ ಹಳೆಯ ಋಣ ಇದ್ದಂತೆ, ನಿಂತುಕೊಂಡಿತು. ಅದಕ್ಕೆ ಹೂವೂ ಬಿಟ್ಟಿತು. ಗೋವಿಂದರಾಜು ಮಂಕರಿ ಎತ್ತಿ ದಿನಕ್ಕೊಮ್ಮೆ ಅದರ ಮುಖ ನೋಡಿ, ಮತ್ತೆ ಮುಚ್ಚಿ, ಒರಳುಗುಂಡು ಇಡುತ್ತಿದ್ದ.

ಒರಳುಗುಂಡಿಗೆ ಕಾರಣವಿತ್ತು. ನಮ್ಮ ಬಡಾವಣೆಗಳಲ್ಲಿ ಕಾಂಪೌಂಡಿನೊಳಗಿನ ಗಿಡ ಮನೆಯವರದು, ಆದರೆ ಹೂವು ಬೆಳಿಗ್ಗೆ ಮೊದಲು ಎದ್ದವರದು. ವಾಕಿಂಗ್ ಷೂ ಹಾಕಿಕೊಂಡು, ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ಕೊಕ್ಕೆ ಹಿಡಿದು, ಪರರ ದಾಸವಾಳದಿಂದ ಪುಣ್ಯ ಸಂಪಾದಿಸುವವರ ದಂಡೇ ಇದೆ. ಅವರಿಗೆ ಮೂಲ ತುಂಬೆಯ ಸುದ್ದಿ ಮುಟ್ಟಿದ ಮೇಲೆ ಮೂರನೇ ಕ್ರಾಸಿನಲ್ಲಿ ವಾಕಿಂಗ್ ಮಾಡುವವರು ಹೆಚ್ಚಾದರು. ಗೇಟಿನೊಳಗೆ ಕೊಕ್ಕೆ ತೂರಿಸಿ ಮಂಕರಿಯನ್ನು ಎಳೆಯಲು ನೋಡಿ, ಸಿಕ್ಕಿಬಿದ್ದ ಹೆಂಗಸೊಬ್ಬರು, "ನನಗಲ್ಲ ಕಣ್ರೀ, ಶಿವನಿಗೆ!" ಎಂದು ಗೋವಿಂದರಾಜುವನ್ನೇ ಗದರಿಸಿಕೊಂಡರು.

ಹೂವು ಸಿಗದವರು ಮಂಕರಿಗೇ ಕೈಮುಗಿದರು. ಒಬ್ಬರು ಅದಕ್ಕೆ ಅರಿಶಿನ ಹಚ್ಚಿದರು, ಇನ್ನೊಬ್ಬರು ಒರಳುಗುಂಡಿಗೆ ಕುಂಕುಮ ಇಟ್ಟರು. ಮೊಬೈಲು ಹಿಡಿದುಕೊಂಡು ಬಂದ ಯೂಟ್ಯೂಬ್ ಚಾನೆಲ್ಲಿನ ಯುವತಿ ಮಂಕರಿಯನ್ನು ಎಲ್ಲ ದಿಕ್ಕಿನಿಂದ ತೋರಿಸಿ, "ಸಾರ್, ಈ ಗಿಡಕ್ಕೆ ಎಷ್ಟು ವರ್ಷ?" ಎಂದಳು. ತುಂಬೆ ಒಂದು ಮಳೆಗಾಲಕ್ಕಿಂತ ಹೆಚ್ಚು ಬದುಕುವುದಿಲ್ಲ. "ನಾನೂರು," ಎಂದಿತು ಬಾಯಿ.

ಉಮಾಮಹೇಶ್ವರಿ ಆ ವಿಡಿಯೋ ನೋಡಿ ಗಂಡನಿಗೆ ಹೇಳಿದಳು: "ಬೀಗ್ರು ಬಂದ ದಿನ ನೀವು ಬಾಯಿ ತುಂಬ ಎಲೆಅಡಿಕೆ ಹಾಕ್ಕೊಂಡು ಕೂತ್ಕೊಳಿ. ಉಗುಳೋಕೂ ಏಳ್ಬೇಡಿ."

ಶ್ರಾವಣದ ಕೊನೆಯ ಸೋಮವಾರ ಬಂತು. ಬೆಳಿಗ್ಗೆಯೇ ಗೋವಿಂದರಾಜು ಬಾಳೆಹಣ್ಣು, ಮಲ್ಲಿಗೆ ತರಲು ಮಾರ್ಕೆಟ್ಟಿಗೆ ಹೋದ. ಅತ್ತ ಅವನು ಹೋದ, ಇತ್ತ ವೆಂಕಟರಂಗಯ್ಯನವರು ಸಂಘದ ಕಡೆಯಿಂದ ಇಬ್ಬರು ಆಳುಗಳನ್ನು ಗುದ್ದಲಿ ಸಮೇತ ಕಳಿಸಿದರು. ಬೋರ್ಡು ಅನಾವರಣಕ್ಕೆ ನಾಲ್ಕು ಜನ ಬರುತ್ತಾರೆ, ಜಾಗ ಕನ್ನಡಿಯಂತೆ ಇರಬೇಕು ಎಂಬುದು ಅಧ್ಯಕ್ಷರ ಆಜ್ಞೆ. "ಒಂದೇ ಒಂದು ಕಳೆ ಕಾಣಿಸಬಾರದು!" ಎಂದು ಅವರು ತಮ್ಮ ಕಿಟಕಿಯಿಂದಲೇ ಕೂಗಿ, ತಮಟೆಯವರಿಗೆ ಫೋನು ಮಾಡಲು ಹೋದರು. ಬೋರ್ಡು ತುಂಬೆಗಾದರೂ ಸದ್ದು ತಮಟೆಯದೇ ಆಗಬೇಕೆಂದು ಅವರು ಮೊದಲೇ ನಿಶ್ಚಯಿಸಿದ್ದರು.

ಆಳುಗಳು ಪ್ರಾಮಾಣಿಕರು. ಮಂಕರಿ ಎತ್ತಿ ನೋಡಿದರು. ಒಂದು ಕಳೆ ಕಾಣಿಸಿತು. ಕಿತ್ತರು. ಕೆಮ್ಮಣ್ಣು ಹರಡಿ, ಸುತ್ತ ಸುಣ್ಣದ ಗೆರೆ ಎಳೆದು, ಮಂಕರಿಯನ್ನು ಹೇಗಿತ್ತೋ ಹಾಗೆ ಮುಚ್ಚಿ, ಅದರ ಹಿಂದೆ ಬೋರ್ಡು ನೆಟ್ಟು ಹೋದರು. ಬೋರ್ಡಿನ ಮೇಲೆ 'ನಗರನಾಮದ ಮೂಲ ತುಂಬೆ ಇದೇ' ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಕೆಳಗೆ ಮಂಕರಿಯ ಕಡೆಗೆ ಒಂದು ದಪ್ಪ ಬಾಣದ ಗುರುತು.

ಗೋವಿಂದರಾಜು ಹಣ್ಣಿನ ಚೀಲ ಹಿಡಿದು ಬರುವಷ್ಟರಲ್ಲಿ ಬೀಗರು ಬಂದು ಕೂತಾಗಿತ್ತು. ಕಾಳಯ್ಯನವರಿಗೆ ಏಸಿ ಆಗುವುದಿಲ್ಲವೆಂದು ದಾರಿಯುದ್ದಕ್ಕೂ ಕಾರಿನ ಕಿಟಕಿ ತೆರೆದೇ ಇಟ್ಟಿದ್ದರು. ಅಗೆದ ರಸ್ತೆಗಳ ಧೂಳೆಲ್ಲ ಅವರ ಮೂಗು ಸೇರಿತ್ತು. "ನಿಮ್ಮ ಊರು... ಆಕ್ಷೀ!... ಏನ್ ಊರು ಕಣ್ರೀ... ಆಕ್ಷೀ!" ಎನ್ನುತ್ತಾ ಅವರು ಸೀನುತ್ತಿದ್ದರು. ಪ್ರತಿ ಸೀನಿಗೂ ಚೆನ್ನಮ್ಮ "ಶಿವಶಿವಾ" ಎನ್ನುತ್ತಿದ್ದರು. ಉಮಾಮಹೇಶ್ವರಿ ಬಿಸಿಬಿಸಿ ಕಷಾಯ ತಂದುಕೊಟ್ಟಳು. ಕಾಳಯ್ಯನವರು ಒಂದು ಲೋಟ ಕುಡಿದು ಇನ್ನೊಂದು ಕೇಳಿದರು. ಎರಡನೆಯದು ಮುಗಿಯುವ ಹೊತ್ತಿಗೆ ಸೀನು ನಿಂತಿತು.

ಉಮಾಮಹೇಶ್ವರಿ ಗಂಡನಿಗೆ ಕಣ್ಣು ಮಿಟುಕಿಸಿದಳು, ಹುಬ್ಬು ಹಾರಿಸಿದಳು, ಟ್ಯಾಂಕಿನ ಕಡೆ ಕತ್ತು ತಿರುಗಿಸಿದಳು. ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡಿದ್ದ ಗೋವಿಂದರಾಜು ಅವಳಿಗೂ ಧೂಳು ಬಿದ್ದಿರಬೇಕೆಂದುಕೊಂಡ.

"ನಡೀರಿ, ಗಿಡ ನೋಡಾನ," ಎಂದು ಕಾಳಯ್ಯನವರು ಎದ್ದರು.

ಹೊರಗೆ ಸಂಘದವರು ನೆರೆದಿದ್ದರು. ವಾಕಿಂಗಿನ ದಂಡು ಕವರುಗಳನ್ನು ಹಿಡಿದುಕೊಂಡೇ ಬಂದಿತ್ತು. ತಮಟೆ ಬಡಿಯಿತು. ವೆಂಕಟರಂಗಯ್ಯನವರು ತುಂಬೆಯ ಬಗ್ಗೆ ಎರಡು ಮಾತು, ತಮಟೆಯ ಬಗ್ಗೆ ಇಪ್ಪತ್ತು ಮಾತು ಆಡಿ, "ಈಗ ಗೋವಿಂದರಾಜು ಅವರು ಅನಾವರಣ ಮಾಡಬೇಕು," ಎಂದರು. ಗೋವಿಂದರಾಜು ಒರಳುಗುಂಡು ಇಳಿಸಿ, ಎಲ್ಲರಿಗೂ ಒಮ್ಮೆ ನಕ್ಕು, ಮಂಕರಿ ಎತ್ತಿದ.

ಕೆಮ್ಮಣ್ಣು. ನುಣ್ಣಗೆ, ಸಮವಾಗಿ, ಒಂದು ಎಲೆಯೂ ಇಲ್ಲದ ಕೆಮ್ಮಣ್ಣು.

ತಮಟೆ ನಿಂತಿತು. ಒಬ್ಬರು ಬೋರ್ಡಿನ ಬಾಣವನ್ನು ನೋಡಿ, ಅದು ತೋರಿಸಿದ ಕಡೆ ನೋಡಿ, ಮತ್ತೆ ಬಾಣವನ್ನು ನೋಡಿದರು. ಕಾಳಯ್ಯನವರ ಹುಬ್ಬು ಮೇಲೇರಿತು. "ಎಲ್ರೀ ಗಿಡ?" ಎಂದರು ಮೆಲ್ಲಗೆ. ಆ ಮೆಲುದನಿಯಲ್ಲಿ ಎರಡಿಂಚಿನ ಬೋರ್‌ವೆಲ್ಲು ಇತ್ತು.

ಗೋವಿಂದರಾಜು ಎಲೆಅಡಿಕೆಯನ್ನು ಗುಳುಕ್ಕನೆ ನುಂಗಿದ. ಬೇಡದಾಗೆಲ್ಲ ಓಡಿಹೋಗುತ್ತಿದ್ದ ಬಾಯಿ ಈಗ ಎಷ್ಟು ಎಳೆದರೂ ತೆರೆಯಲೊಲ್ಲದು. ಬಾಗಿಲಲ್ಲಿ ರೇಷ್ಮೆ ಸೀರೆಯಲ್ಲಿ ನಿಂತ ಪಲ್ಲವಿಯ ಮುಖ ಕಂಡಿತು. ತನ್ನ ಒಣ ಜಂಬಕ್ಕೆ ಮಗಳ ಮದುವೆ ಮಣ್ಣುಪಾಲಾಯಿತಲ್ಲ ಎಂದುಕೊಂಡ. ನಿಜವನ್ನು ಹೇಳಿಬಿಡೋಣ, ಕಾಲಿಗೆ ಬೀಳೋಣ ಎಂದು ಅವನು ಎರಡು ಹೆಜ್ಜೆ ಮುಂದೆ ಬಂದ.

"ಬೀಗ್ರೆ, ಆ ಗಿಡ..."

"ನಿಮ್ಮ ಹೊಟ್ಟೇಲಿದೆ," ಎಂದಳು ಉಮಾಮಹೇಶ್ವರಿ.

ಎಲ್ಲರೂ ತಿರುಗಿದರು.

"ಕಳೆ ಅಂತ ಆಳುಗಳು ಕಿತ್ತು ಗೇಟಿನ ಹೊರಗೆ ಎಸೆದಿದ್ರು. ಎತ್ಕೊಂಡು ಒಳಗೆ ಬರ್ತೀನಿ, ನೀವು ಸೀನ್ತಾ ಇಳಿದ್ರಿ. ನೆಗಡಿಗೆ ತುಂಬೆ ಸೊಪ್ಪಿನ ಕಷಾಯಕ್ಕಿಂತ ಇನ್ನೇನಿದೆ? ಬೀಗ್ರಿಗಿಂತ ಹೆಚ್ಚಾ ಗಿಡ ಅಂತ ಮೆಣಸು ಹಾಕಿ ಕುದಿಸಿಬಿಟ್ಟೆ."

ಕಾಳಯ್ಯನವರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು. ಅವರ ಮುಖದಲ್ಲಿ ಮೊದಲು ಸಿಟ್ಟು, ಆಮೇಲೆ ಭಯ, ಆಮೇಲೆ ಒಂದು ದೊಡ್ಡ ಭಕ್ತಿ ಮೂಡಿತು. "ಹಂಗಾರೆ ನಾನು... ಇಡೀ ಊರಿನ ಮೂಲಾನೇ ಕುಡಿದ್ಬುಟ್ನಾ?"

"ಎರಡು ಲೋಟ," ಎಂದರು ಚೆನ್ನಮ್ಮ.

"ಕುಣಿಗಲ್ಲಿನವರು ನಮ್ಮ ಹೆರಿಟೇಜು ಕುಡಿದುಬಿಟ್ರಲ್ರೀ!" ಎಂದು ವೆಂಕಟರಂಗಯ್ಯನವರು ಕೂಗಿದರು. ಹಾಗೆಂದರೂ ಅವರ ದನಿಯಲ್ಲಿ ತಮಟೆಯ ಕಡೆಯವರ ಗುಟ್ಟಾದ ಸಂತೋಷವಿತ್ತು. ನೆರೆದವರಲ್ಲಿ ಒಬ್ಬರು ಗಿಡವಿತ್ತೆಂಬುದಕ್ಕೆ ಸಾಕ್ಷಿ ಏನು ಎಂದರು.

ಆ ಮಾತಿಗೆ ಕಾಳಯ್ಯನವರೇ ತಿರುಗಿಬಿದ್ದರು. "ಸಾಕ್ಷಿ ಕೇಳ್ತೀಯಾ? ಕುಣಿಗಲ್ಲಿಂದ ಸೀನ್ಕಂಡು ಬಂದೋನು ನಾನು. ಎರಡು ಲೋಟಕ್ಕೆ ಮೂಗು ಹೆಂಗ್ ಬಿಡ್ತು ನೋಡು! ನಾನೂರು ವರ್ಸದ ಗಿಡ ಅಲ್ದೆ ನಿನ್ನೆ ಮೊನ್ನೆದಾಗಿದ್ರೆ ಬಿಡ್ತಿತ್ತಾ? ನಾನು ಕುಡಿದಿದೀನಿ ಕಣಯ್ಯಾ, ನನಗೆ ಗೊತ್ತು!"

ಸಂಘದವರು ಫೋಟೋ ಬೇಕೆಂದರು. ಗಿಡವಿದ್ದ ಜಾಗದಲ್ಲಿ ಕಾಳಯ್ಯನವರನ್ನೇ ನಿಲ್ಲಿಸಿದರು. ಬೋರ್ಡಿನ ಬಾಣ ನೆಟ್ಟಗೆ ಅವರ ಹೊಟ್ಟೆಯನ್ನು ತೋರಿಸುತ್ತಿತ್ತು. ತಮಟೆ ಮತ್ತೆ ಬಡಿಯಿತು. ಉಮಾಮಹೇಶ್ವರಿ ಕಷಾಯಕ್ಕೆ ಹಾಕದೆ ತೆಗೆದಿಟ್ಟಿದ್ದ ಒಂದೇ ಒಂದು ತುಂಬೆ ಹೂವನ್ನು ಚೆನ್ನಮ್ಮ ಮಲ್ಲಿಗೆಯ ಜೊತೆ ಪಲ್ಲವಿಗೆ ಮುಡಿಸಿದರು. ಅಕ್ಕಿಕಾಳಿನಷ್ಟು ದೊಡ್ಡದಾದ ಆ ಹೂವು ಯಾರಿಗೂ ಕಾಣಿಸಲಿಲ್ಲ. ಆದರೂ ಎಲ್ಲರೂ ಚಪ್ಪಾಳೆ ತಟ್ಟಿದರು.

ಗೋವಿಂದರಾಜುವಿಗೆ ಮಾತ್ರ ಸಮಾಧಾನವಿರಲಿಲ್ಲ. ಪಾಪ, ಆ ಮನುಷ್ಯ ತನಗಾಗಿ ಊರಿಗೆಲ್ಲ ಸಾಕ್ಷಿ ಹೇಳುತ್ತಿದ್ದಾರೆ, ಕುಡಿದದ್ದು ನೋಡಿದರೆ ಹಾಗಲವಾಡಿಯ ರಾಗಿ ಹೊಲದ ಕಳೆ. ಲಗ್ನಪತ್ರಿಕೆಗೆ ಮುಂಚೆ ನಿಜ ಹೇಳಿಬಿಡಬೇಕು ಎಂದು ಅವನು ತೀರ್ಮಾನಿಸಿದ. ಗಂಡಿನ ಮನೆ ನೋಡುವ ಶಾಸ್ತ್ರಕ್ಕೆ ಕುಣಿಗಲ್ಲಿಗೆ ಹೊರಟಾಗ ದಾರಿಯುದ್ದಕ್ಕೂ ಆ ಮಾತನ್ನು ಬಾಯಿಪಾಠ ಮಾಡಿದ. ಕೈಯಲ್ಲಿ, ಅತ್ತೆಗೆ ಮತ್ತೆ ಒಂದು ದಿನ ಕಳೆ ಕಿತ್ತುಕೊಟ್ಟು ತಂದಿದ್ದ ತುಂಬೆ ಹೂವಿನ ಪೊಟ್ಟಣವಿತ್ತು.

ಕಾಳಯ್ಯನವರು ಅವನನ್ನು ಮೊದಲು ಕರೆದುಕೊಂಡು ಹೋಗಿದ್ದೇ ಹಿತ್ತಲಿಗೆ. "ನಮಸ್ಕಾರ ಮಾಡಿ ಬೀಗ್ರೆ. ಶಿವನ ಜೊತೆ ಕುಣಿದ ಕಲ್ಲು."

ಅರ್ಧ ನೆಲದಲ್ಲಿ ಹೂತ, ವಿಭೂತಿ ಬಳಿದ, ಚೌಕಾಕಾರದ ಕಲ್ಲು. ಗೋವಿಂದರಾಜು ಮನಸ್ಸು ಗಟ್ಟಿ ಮಾಡಿಕೊಂಡ. ಮೊದಲು ನಮಸ್ಕಾರ, ಆಮೇಲೆ ನಿಜ. ನೆಲಕ್ಕೆ ಉದ್ದಂಡ ಬಿದ್ದು, ಹಣೆಯನ್ನು ಕಲ್ಲಿನ ಬುಡಕ್ಕೆ ತಾಗಿಸಿ ಕಣ್ಣು ಬಿಟ್ಟ.

ಮೂಗಿನ ಮುಂದೆ, ವಿಭೂತಿ ತಲುಪದ ಜಾಗದಲ್ಲಿ, ಕೆತ್ತಿದ ಅಕ್ಷರಗಳಿದ್ದವು. ತಲೆಕೆಳಗಾಗಿದ್ದವು. ಅವನು ಮಲಗಿದಲ್ಲೇ ಕತ್ತು ತಿರುಗಿಸಿ ಓದಿದ. 'ತುಮಕೂರು ೨೨ ಮೈಲಿ'.

ಅವನು ಎದ್ದು ಕೂತ. ಕಾಳಯ್ಯನವರು ಅವನನ್ನು ನೋಡಲಿಲ್ಲ. ಎಂದೂ ಬಿಡದ ದಿಟ್ಟ ನೋಟವನ್ನು ತೆಂಗಿನಮರದ ಮೇಲಿಟ್ಟು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅವರ ಕಿವಿ ಕೆಂಪಗಾಗಿತ್ತು.

"ಹೈವೇ ಅಗಲ ಮಾಡುವಾಗ..." ಎಂದು ಅವರು ಶುರುಮಾಡಿ, ಅಲ್ಲಿಗೇ ನಿಲ್ಲಿಸಿದರು.

ಗೋವಿಂದರಾಜುವಿಗೆ ಆ ಮನುಷ್ಯನ ಮೇಲೆ ಹುಟ್ಟಿದ ಪ್ರೀತಿ ಒಡಹುಟ್ಟಿದವರ ಮೇಲೂ ಎಂದೂ ಹುಟ್ಟಿರಲಿಲ್ಲ. ಅವನು ಪೊಟ್ಟಣ ಬಿಚ್ಚಿ, ತುಂಬೆ ಹೂವನ್ನೆಲ್ಲ ಕಲ್ಲಿನ ಬುಡಕ್ಕೆ, ಅಕ್ಷರಗಳು ಪೂರ್ತಿ ಮುಚ್ಚುವಂತೆ ಸುರಿದ. ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡ. ಅಷ್ಟರಲ್ಲಿ ಹೆಂಗಸರೆಲ್ಲ ಹಿತ್ತಲಿಗೆ ಬಂದಿದ್ದರು.

"ಬೀಗ್ರೆ," ಎಂದ ಎಲ್ಲರಿಗೂ ಕೇಳುವಂತೆ, "ಈಗ ತಾನೇ ಒಂಚೂರು ಕುಣಿದಂಗಾಯ್ತು."

"ಕಾಣ್ತಾ?" ಎಂದರು ಕಾಳಯ್ಯನವರು. ಅವರ ದನಿ ತುಂಬಿ ಬಂದಿತ್ತು. "ಎಲ್ಲರಿಗೂ ಕಾಣಲ್ಲ ಕಣ್ರೀ ಅದು."